ಪೆಟ್ಟಿಗೆಯೊಳಗೆ ಸೇರಿದ ತಂಬೂರಿ

ಆಷಾಢದ ಮಳೆ ಹಿಡಿಯಿತೆಂದರೆ ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಡಬ್ಬಿಯಲ್ಲಿಟ್ಟ ಉಪ್ಪು ನೀರೊಡೆಯುತ್ತದೆ, ಗೋಡೆಗೆ ಒರಗಿಸಿಟ್ಟ ತಂಬೂರಿ ಶ್ರುತಿ ತಪ್ಪುತ್ತದೆ. ಹಲಸಿನ ಮರ ತೇವ ಹೀರಿ ಉಬ್ಬುತ್ತದೆ. ತಂತಿಗೆ ತುಕ್ಕು ಹತ್ತುತ್ತದೆ. ಬೆಳಿಗ್ಗೆ ಹದ ಮಾಡಿಟ್ಟ ತಂತಿ ಸಂಜೆ ಭಜನೆಗೆ ಕೂರುವ ಹೊತ್ತಿಗೆ ಬೇರೆಯೇ ಸ್ವರ ನುಡಿಯುತ್ತದೆ. ಪೇಟೆಯಿಂದ ದೂರದ ಕಾಫಿ ತೋಟದ ಮನೆಗಳಲ್ಲಿ ಅದನ್ನು ಸರಿಪಡಿಸಿಕೊಡುವ ಕೈ ಸುಲಭವಾಗಿ ಸಿಗುವುದೂ ಇಲ್ಲ.

ಆದರೆ ಸಂಗೀತ ಪಾಠ ನಿಲ್ಲುವುದಿಲ್ಲ. ಒಂದು ಚಿಕ್ಕ ಪೆಟ್ಟಿಗೆಯ ಸ್ವಿಚ್ ಒತ್ತಿದರೆ ಸಾಕು, 'ಪ-ಸ-ಸ-ಸ' ಎಂದು ದಣಿವಿಲ್ಲದೆ ಮೀಟುತ್ತಲೇ ಇರುತ್ತದೆ. ನಾನು ಎರಡು ವರ್ಷ ಸಂಗೀತ ಕಲಿತದ್ದೂ ಇಂಥ ಒಂದು ಹಳೆಯ ಪೆಟ್ಟಿಗೆಯ ಮುಂದೆ ಕೂತು. ಒಮ್ಮೆ ಅದು ಕೆಟ್ಟು, ರೇಡಿಯೊ ರಿಪೇರಿ ಅಂಗಡಿಯಲ್ಲಿ ಅದರ ಮುಚ್ಚಳ ಬಿಚ್ಚಿದ್ದನ್ನು ನೋಡಿದೆ. ಒಳಗೆ ತಂತಿ ಇಲ್ಲ, ಬುರುಡೆ ಇಲ್ಲ. ಅಂಗೈ ಅಗಲದ ಒಂದು ಹಲಗೆ, ಅದರ ಮೇಲೆ ಕಾಳು ಚೆಲ್ಲಿದಂತೆ ಕೂತ ಬಿಡಿಭಾಗಗಳು, ಅಷ್ಟೇ.

ಸಿಂಥಸೈಜರ್ ಎಂದೊಡನೆ ನಮಗೆ ನೆನಪಾಗುವುದು ಸಿನಿಮಾ ಹಾಡು, ವಾದ್ಯಗೋಷ್ಠಿಯ ಕೀಬೋರ್ಡು. ಅದು ಹೊರದೇಶದ ವಸ್ತು ಎಂದೇ ನಮ್ಮ ಭಾವನೆ. ಆದರೆ ದೇವರ ಕೋಣೆಯ ಪಕ್ಕದಲ್ಲಿ ಕೂತ ಈ ಶ್ರುತಿ ಪೆಟ್ಟಿಗೆಯೂ ಅದೇ ಮನೆತನದ್ದು. ವ್ಯತ್ಯಾಸವೆಂದರೆ, ಇದನ್ನು ನಮ್ಮ ಅಗತ್ಯಕ್ಕಾಗಿ ನಮ್ಮವರೇ ಕಟ್ಟಿಕೊಂಡರು.

ಕೊಡ ತುಂಬಿ ಚೆಲ್ಲಿದಂತೆ

ವಿದ್ಯುತ್ತಿನಿಂದ ಸ್ವರ ಹುಟ್ಟುವುದು ಹೇಗೆ? ನಲ್ಲಿಯ ಕೆಳಗೆ ಒಂದು ಕೊಡ ಇಟ್ಟಿದ್ದೀರಿ ಎಂದುಕೊಳ್ಳಿ. ತುಂಬಿದ ಕೂಡಲೇ ಅದನ್ನು ಚೆಲ್ಲಿ ಮತ್ತೆ ಇಡುತ್ತೀರಿ. ಕೆಪಾಸಿಟರ್ ಎಂಬ ಬಿಡಿಭಾಗವೇ ಆ ಕೊಡ. ವಿದ್ಯುತ್ತಿನ ಹರಿವನ್ನು ತಡೆದು ನಿಧಾನಗೊಳಿಸುವ ರೆಸಿಸ್ಟರ್ ನಲ್ಲಿ. ಸೆಕೆಂಡಿಗೆ 240 ಸಲ ತುಂಬಿ ಚೆಲ್ಲುವಂತೆ ಮಾಡಿ ಆ ಏರಿಳಿತವನ್ನು ಸ್ಪೀಕರಿಗೆ ಕೊಟ್ಟರೆ ಒಂದು ಸ್ವರ ಕೇಳುತ್ತದೆ. ಅದನ್ನು ಷಡ್ಜವೆಂದು ಇಟ್ಟುಕೊಂಡರೆ, 360 ಸಲ ಚೆಲ್ಲುವುದು ಪಂಚಮ. ಎರಡಕ್ಕೆ ಮೂರು, ಇದೇ ಸ-ಪ ಸಂಬಂಧ.

ನಲ್ಲಿ ತಿರುಗಿಸಿದಂತೆ ಗುಂಡಿ ತಿರುಗಿಸಿದರೆ ಶ್ರುತಿ ಏರುತ್ತದೆ, ಇಳಿಯುತ್ತದೆ. ಹೆಣ್ಣುಮಕ್ಕಳಿಗೆ ಐದು ಮನೆಯ ಆಸುಪಾಸು, ಗಂಡಸರಿಗೆ ಒಂದು ಮನೆಯ ಆಸುಪಾಸು ಎಂದು ಹೊಂದಿಸಿಕೊಳ್ಳುವುದು ಹೀಗೆಯೇ. ಕೆಪಾಸಿಟರನ್ನೇ ತೆಗೆದು ಎರಡು ಪಟ್ಟು ದೊಡ್ಡದನ್ನು ಬೆಸುಗೆ ಹಾಕಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಮನೆಯಲ್ಲೇ ವಾದ್ಯ ಕಟ್ಟಿ ಮಾರ್ಪಡಿಸುವ ಹವ್ಯಾಸಿಗಳಿಗೆ ಇದೇ ಮೊದಲ ಪಾಠ. ಅವರಿಗೆಂದೇ ಹುಟ್ಟಿತೇನೋ ಎಂಬಂತಿರುವ '555' ಎಂಬ ಎಂಟು ಕಾಲಿನ ಚಿಪ್ 1972ರಲ್ಲಿ ಮಾರುಕಟ್ಟೆಗೆ ಬಂತು. ಸ್ವಿಟ್ಜರ್ಲೆಂಡ್ ಮೂಲದ ಹಾನ್ಸ್ ಕಾಮೆನ್ಜಿಂಡ್ ಅದನ್ನು ರೂಪಿಸಿದವರು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅದು ಇಂದಿಗೂ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಅಹಮದಾಬಾದಿಗೆ ಬಂದ ಯಂತ್ರ

ಈ ಬಗೆಯ ಬಿಡಿ ಘಟಕಗಳನ್ನು ಒಂದು ವಾದ್ಯವಾಗಿ ಜೋಡಿಸಿ ಹೆಸರಾದವರು ಅಮೆರಿಕದ ರಾಬರ್ಟ್ ಮೋಗ್. ವಿದ್ಯಾರ್ಥಿ ದೆಸೆಯಲ್ಲೇ ಅವರು ಥೆರೆಮಿನ್ ಎಂಬ ಎಲೆಕ್ಟ್ರಾನಿಕ್ ವಾದ್ಯವನ್ನು ಮನೆಯಲ್ಲೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಕಟ್ಟಾಗಿ ಮಾರುತ್ತಿದ್ದರು. 1964ರಲ್ಲಿ ಸಂಗೀತಗಾರ ಹರ್ಬರ್ಟ್ ಡಾಯ್ಚ್ ಜೊತೆ ಸೇರಿ ತಮ್ಮ ಸಿಂಥಸೈಜರಿನ ಮೊದಲ ಮಾದರಿ ಮಾಡಿದರು. ಸ್ವರ ಹುಟ್ಟಿಸುವುದು ಒಂದು ಘಟಕ, ಅದನ್ನು ಸೋಸುವುದು ಇನ್ನೊಂದು, ಏರಿಸಿ ಇಳಿಸುವುದು ಮತ್ತೊಂದು. ಒಂದರಿಂದ ಒಂದಕ್ಕೆ ವೈರು ಸಿಕ್ಕಿಸಿದರೆ ನಾದ. ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ ಎಂಬುದು ಅವರ ಸರಳ ಲೆಕ್ಕ.

ಅಂಥ ಒಂದು ಯಂತ್ರ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಅಲ್ಲಿ ಸ್ಥಾಪಿಸಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ ಮೊದಲಾದವರು ಅದರಲ್ಲಿ ಪ್ರಯೋಗ ನಡೆಸಿದರು. ಅವರು 1969ರಿಂದ 1972ರವರೆಗೆ ಮಾಡಿದ ಧ್ವನಿಮುದ್ರಣಗಳು ದಶಕಗಟ್ಟಲೆ ಕಪಾಟಿನಲ್ಲೇ ಉಳಿದು, ಕೊನೆಗೆ ಜನರ ಕಿವಿಗೆ ಬಿದ್ದದ್ದು 2023ರಲ್ಲಿ. ದುಬಾರಿ ಯಂತ್ರ, ಒಂದೇ ಸಂಸ್ಥೆ, ಬೆರಳೆಣಿಕೆಯ ಜನ. ಊರೂರಿಗೆ ಅದು ತಲುಪುವುದಾದರೂ ಹೇಗೆ?

ಕೊಳಲು ಬಲ್ಲ ಇಂಜಿನಿಯರ್

ತಲುಪಿದ್ದು ಇನ್ನೊಂದು ದಾರಿಯಿಂದ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಇಂಜಿನಿಯರ್, ಜೊತೆಗೆ ಕೊಳಲು ವಾದಕರು. ಕಛೇರಿಗೆ ಶ್ರುತಿ ಬೇಕು. ಶ್ರುತಿಗೆ ತಂಬೂರಿ, ತಂಬೂರಿಗೆ ಮೀಟುವ ಒಬ್ಬರು ಬೇಕು. ಮನೆಯಲ್ಲಿ ಒಬ್ಬರೇ ಕೂತು ಸಾಧನೆ ಮಾಡುವವರಿಗೆ ಇಷ್ಟೆಲ್ಲ ಎಲ್ಲಿಂದ ಬರಬೇಕು? ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ 1979ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಜನರ ಮುಂದಿಟ್ಟರು. ಅವರ ರಾಡೆಲ್ ಸಂಸ್ಥೆಯಿಂದ ಮುಂದೆ ತಾಳ ಹಾಕುವ ಉಪಕರಣ, ಡಿಜಿಟಲ್ ವೀಣೆಗಳೂ ಬಂದವು.

ತಂಬೂರಿಯನ್ನು ಅನುಕರಿಸುವುದು ಸುಲಭವೆಂದು ತಿಳಿಯಬೇಡಿ. ಅದರ ಕುದುರೆಯ ಮೇಲೆ ತಂತಿಗೂ ಮರಕ್ಕೂ ನಡುವೆ ನೂಲಿನ ಒಂದು ಎಳೆ ಇರುತ್ತದೆ. ಅದಕ್ಕೆ ಜೀವಾಳ ಎಂದೇ ಹೆಸರು. ಅದು ಸರಿಯಾದ ಜಾಗದಲ್ಲಿ ಕೂತರೆ ತಂತಿ ತುಂಬಿಯಂತೆ ಝೇಂಕರಿಸುತ್ತದೆ. ಸರ್ ಸಿ.ವಿ. ರಾಮನ್ 1921ರಲ್ಲೇ ವೀಣೆ, ತಂಬೂರಿಗಳ ಬಗ್ಗೆ ಒಂದು ಪ್ರಬಂಧ ಬರೆದಿದ್ದರು. ತಂತಿಯನ್ನು ಒಂದು ನಿರ್ದಿಷ್ಟ ಬಿಂದುವಿನಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಕೇಳಿಸಬಾರದು ಎಂದು ಪಶ್ಚಿಮದ ಭೌತಶಾಸ್ತ್ರದ ನಿಯಮ ಹೇಳುತ್ತದೆ. ನಮ್ಮ ಈ ವಾದ್ಯಗಳಲ್ಲಿ ಅವು ಧಾರಾಳವಾಗಿ ಕೇಳಿಸುತ್ತವೆ. ಅದಕ್ಕೆ ಕಾರಣ ಕುದುರೆಯ ರಚನೆ ಎಂದು ರಾಮನ್ ತೋರಿಸಿದರು.

ಬರೀ ಕೊಡ ತುಂಬಿ ಚೆಲ್ಲಿದರೆ ಈ ಝೇಂಕಾರ ಬರುವುದಿಲ್ಲ. ಸ್ವರ ಥಟ್ಟನೆ ಏರಬೇಕು, ನಿಧಾನವಾಗಿ ಕರಗಬೇಕು, ಕರಗುವಾಗ ಉಪಸ್ವರಗಳು ಒಂದೊಂದಾಗಿ ತಲೆ ಎತ್ತಬೇಕು. ಇದಕ್ಕೆ ಸೋಸುವ ಘಟಕ, ಇಳಿಸುವ ಘಟಕ, ನಾಲ್ಕು ತಂತಿಗಳನ್ನು ಸರದಿಯಂತೆ ಮೀಟುವ ಘಟಕ ಎಲ್ಲವೂ ಬೇಕು. ಮೋಗ್ ಕಂಡ ಘಟಕಗಳೇ ಇವು; ಇಲ್ಲಿ ವೈರು ಸಿಕ್ಕಿಸುವ ಗೊಡವೆ ಇಲ್ಲದೆ ಒಂದು ಡಬ್ಬಿಯೊಳಗೆ ಸೇರಿಕೊಂಡವು.

ಈ ಅನಲಾಗ್ ಪೆಟ್ಟಿಗೆಗಳಿಗೂ ಹವಾಮಾನದ ಕಾಟ ತಪ್ಪಲಿಲ್ಲ. ಬಿಸಿ ಏರಿದರೆ ಬಿಡಿಭಾಗಗಳ ಗುಣ ತುಸು ಬದಲಾಗಿ ಶ್ರುತಿ ಜಾರುತ್ತದೆ. ಮೋಗ್ ಯಂತ್ರ ನುಡಿಸುವವರೂ ಹಾಡಿನ ನಡುವೆ ಶ್ರುತಿ ಸರಿಪಡಿಸಿಕೊಳ್ಳಬೇಕಾಗಿತ್ತು. ಮುಂದೆ ಸ್ಫಟಿಕದ ಗಡಿಯಾರವಿರುವ ಡಿಜಿಟಲ್ ಚಿಪ್‌ಗಳು ಬಂದವು. ನಿಜವಾದ ತಂಬೂರಿಯ ದನಿಯನ್ನೇ ಅವುಗಳಲ್ಲಿ ತುಂಬಿದರು. ಇಂದು ಅದೇ ದನಿ ಮೊಬೈಲ್ ಫೋನಿನಲ್ಲೂ ಇದೆ.

ಗಳಿಸಿದ್ದೇನು, ಕಳೆದದ್ದೇನು?

ಆಲೂರಿನಿಂದ ದಕ್ಷಿಣಕ್ಕೆ, ಹಾಸನ ಜಿಲ್ಲೆಯದೇ ಆದ ಅರಕಲಗೂಡು ತಾಲ್ಲೂಕಿನಲ್ಲಿ ರುದ್ರಪಟ್ಟಣವಿದೆ. ಕಾವೇರಿ ದಂಡೆಯ ಈ ಊರು ಆರ್.ಕೆ. ಶ್ರೀಕಂಠನ್ (1920-2014) ಅವರಂಥ ವಿದ್ವಾಂಸರನ್ನು ಕೊಟ್ಟಿದೆ. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತೆಗಳ ಮಂದಿರ ಎದ್ದಿದೆ. ತಂಬೂರಿಗೆ ಗುಡಿ ಕಟ್ಟಿದ ಜಿಲ್ಲೆಯಲ್ಲೇ ತಂಬೂರಿ ಹಿಡಿಯುವ ಕೈಗಳು ಕಡಿಮೆಯಾಗುತ್ತಿವೆ ಎಂಬುದು ಯೋಚಿಸಬೇಕಾದ ಮಾತು.

ಪೆಟ್ಟಿಗೆಯನ್ನು ದೂರುವುದು ನ್ಯಾಯವಲ್ಲ. ವಿದ್ವಾಂಸರ ಮನೆತನದಲ್ಲಿ ಹುಟ್ಟದವರಿಗೆ, ಮನೆಗೆಲಸದ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಹಾಡುವ ಗೃಹಿಣಿಯರಿಗೆ, ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಹಳ್ಳಿಯ ಮಕ್ಕಳಿಗೆ ಶ್ರುತಿ ದೊರಕಿಸಿಕೊಟ್ಟದ್ದು ಅದೇ. ಆದರೆ ಹಿಂದೆ ಶಿಷ್ಯ ಗುರುವಿನ ಹಿಂದೆ ಕೂತು ಗಂಟೆಗಟ್ಟಲೆ ತಂಬೂರಿ ಮೀಟುತ್ತಿದ್ದ. ಬಿರಡೆ ತಿರುಗಿಸುತ್ತ, ಮಣಿ ಸರಿಸುತ್ತ, ಜೀವಾಳ ಎಳೆಯುತ್ತ ಎರಡು ಸ್ವರ ಒಂದಾಗುವ ಗಳಿಗೆಯನ್ನು ಕಿವಿಯಿಂದಲೇ ಹಿಡಿಯುತ್ತಿದ್ದ. ಆ ಹುಡುಕಾಟವೇ ಪಾಠವಾಗಿತ್ತು. ಪೆಟ್ಟಿಗೆ ಸಿದ್ಧವಾದ ಶ್ರುತಿಯನ್ನು ಕೊಡುತ್ತದೆ, ಹುಡುಕಾಟವನ್ನು ಕೊಡುವುದಿಲ್ಲ.

ನನ್ನ ವಿಷಯವನ್ನೇ ಹೇಳುವುದಾದರೆ, ಗುಂಡಿ ತಿರುಗಿಸಲು ಬರುತ್ತದೆ. ತಂಬೂರಿ ಶ್ರುತಿ ಮಾಡಲು ಇಂದಿಗೂ ಬರುವುದಿಲ್ಲ. ಅಂದು ರಿಪೇರಿ ಅಂಗಡಿಯವರು ಹೊಸ ಬಿಡಿಭಾಗ ಬೆಸೆದ ಮೇಲೆ ಪೆಟ್ಟಿಗೆ ಹಾಡಿತು, ಆದರೆ ಪಂಚಮ ಕೂದಲೆಳೆಯಷ್ಟು ಮೇಲಿತ್ತು. ಅವರು ಚಿಕ್ಕ ಸ್ಕ್ರೂಡ್ರೈವರ್ ನನ್ನ ಕೈಗೆ ಕೊಟ್ಟು, "ನೀವು ಪಾಟ ಕಲಿಯೋರಲ್ವಾ, ಸರಿಯಾದಾಗ ಹೇಳಿ" ಎಂದರು. ಕಾಲು ಗಂಟೆ ತಿರುಗಿಸಿದೆ. ಎರಡು ಸ್ವರಗಳ ನಡುವಿನ ಅಲೆ ನಿಧಾನವಾಗುತ್ತ ಆಗುತ್ತ ಒಮ್ಮೆ ನಿಂತೇಹೋಯಿತು. ಎರಡು ವರ್ಷದ ಪಾಠದಲ್ಲಿ ಶ್ರುತಿ ಸೇರುವುದು ಎಂದರೇನೆಂದು ನನಗೆ ತಿಳಿದದ್ದು ಅದೊಂದೇ ದಿನ.