ಪಾಲಾಗಿ ಮತ್ತೆ ಒಂದಾದವರು

ಅಣ್ಣತಮ್ಮಂದಿರು ಪಾಲಾದರೆ ಹೊಲ ತುಂಡಾಗುತ್ತದೆ. ಮುಕ್ತ ತಂತ್ರಾಂಶದಲ್ಲಿ ಹಾಗಲ್ಲ. ಬೇರೆ ಹೋಗುವವರು ಇಡೀ ಕೋಡಿನ ಪ್ರತಿಯನ್ನೇ ತೆಗೆದುಕೊಂಡು ಹೋಗಬಹುದು, ಉಳಿದವರಿಗೆ ಏನೂ ಕಡಿಮೆಯಾಗುವುದಿಲ್ಲ. ಆದರೂ ಅಲ್ಲಿ ಮನಸ್ತಾಪಗಳಿವೆ. ಜಿಸಿಸಿಯ ಕಥೆ ಅಂಥದ್ದು.

ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಆದೇಶಗಳಾಗಿ ಬದಲಿಸುವ ತಂತ್ರಾಂಶವೇ ಕಂಪೈಲರ್. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಜಿಸಿಸಿ ಎಂಬ ಕಂಪೈಲರನ್ನು ಹೊರತಂದರು. ಅದನ್ನು ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು. ಆದರೆ ಹಂಚುವಾಗ ಪಡೆದವರಿಗೂ ಅದೇ ಹಕ್ಕು ಕೊಡಬೇಕು. ಲಿನಕ್ಸ್ ಬೆಳೆದದ್ದು ಇದೇ ಕಂಪೈಲರಿನ ಬಲದಿಂದ.

ತೊಂಬತ್ತರ ದಶಕದಲ್ಲಿ ಹೊಸ ಪ್ರೊಸೆಸರುಗಳು ಬಂದವು, ಸಿ++ ಭಾಷೆ ಬೆಳೆಯಿತು. ಹೊರಗಿನವರು ಬರೆದ ತಿದ್ದುಪಡಿಗಳು ಸಾಲುಗಟ್ಟಿದವು. ನೋಡಿಕೊಳ್ಳುತ್ತಿದ್ದ ಕೆಲವರಿಗೆ ಕಂಪೈಲರ್ ಕೆಡದಿರುವುದೇ ಮುಖ್ಯವಾಗಿತ್ತು. ಅಧಿಕೃತ ಆವೃತ್ತಿಗೆ ಹೊಸದು ಸೇರುವುದು ತಡವಾಗುತ್ತಿತ್ತು. ಬೇಸತ್ತವರು ತಮ್ಮ ತಮ್ಮ ಆವೃತ್ತಿಗಳನ್ನು ಬೇರೆಯಾಗಿ ಇಟ್ಟುಕೊಂಡರು.

1997ರ ಆಗಸ್ಟ್‌ನಲ್ಲಿ ಇವರಲ್ಲಿ ಹಲವರು ಸೇರಿ 'ಎಗ್ಸ್' ಎಂಬ ಹೊಸ ಕವಲು ತೆರೆದರು. ಸಿಗ್ನಸ್ ಕಂಪನಿಯ ಪ್ರೋಗ್ರಾಮರುಗಳು ಇದರಲ್ಲಿ ಮುಂದಿದ್ದರು. ಇಲ್ಲಿ ಕೆಲಸವೆಲ್ಲ ಬಯಲಲ್ಲೇ ನಡೆಯುತ್ತಿತ್ತು, ದಿನದಿನದ ಬದಲಾವಣೆಯನ್ನು ಯಾರು ಬೇಕಾದರೂ ನೋಡಬಹುದಿತ್ತು. ಬರಬರುತ್ತ ಕವಲು ಮೂಲವನ್ನು ಮೀರಿ ಬೆಳೆಯಿತು.

ಆದರೆ ಬೇರೆಯಾದವರು ಒಂದು ಎಚ್ಚರ ವಹಿಸಿದ್ದರು. ಹೊಸದಾಗಿ ಬರೆದ ಕೋಡಿನ ಹಕ್ಕುಸ್ವಾಮ್ಯವನ್ನು ಸ್ಟಾಲ್‌ಮನ್ ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿಗೇ ಬರೆದುಕೊಡುತ್ತಿದ್ದರು. ಉಳುಮೆ ಬೇರೆಯಾದರೂ ಪಹಣಿಯಲ್ಲಿ ಹೆಸರು ಹಿರಿಮನೆಯದೇ ಎಂಬಂತೆ. ಹಾಗಾಗಿ ಕೂಡಿಕೊಳ್ಳುವ ದಾರಿ ಮುಚ್ಚಲಿಲ್ಲ.

ಹಿರಿಮನೆಯೂ ಹಟ ಹಿಡಿಯಲಿಲ್ಲ. 1999ರ ಏಪ್ರಿಲ್‌ನಲ್ಲಿ ಫೌಂಡೇಶನ್ನು ಎಗ್ಸ್ ತಂಡಕ್ಕೇ ಜಿಸಿಸಿಯ ಹೊಣೆ ಒಪ್ಪಿಸಿತು. ಜುಲೈನಲ್ಲಿ ಬಂದ 2.95 ಆವೃತ್ತಿ ಎರಡೂ ಮನೆಗಳದ್ದಾಗಿತ್ತು.

ಎಲ್ಲ ಕವಲುಗಳಿಗೂ ಈ ಭಾಗ್ಯ ಇರಲಿಲ್ಲ. ಸ್ಟಾಲ್‌ಮನ್ನರದೇ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಿಂದ ಒಡೆದ ಎಕ್ಸ್‌ಇಮ್ಯಾಕ್ಸ್ ಮರಳಿ ಕೂಡಲೇ ಇಲ್ಲ. ಹಕ್ಕುಸ್ವಾಮ್ಯದ ಕಾಗದಪತ್ರ ಅದಕ್ಕೊಂದು ದೊಡ್ಡ ತೊಡಕಾಗಿತ್ತು.

ಪೈಪೋಟಿ ಇಲ್ಲದಿದ್ದರೆ ಜಿಸಿಸಿ ಅಲ್ಲೇ ನಿಂತಿರುತ್ತಿತ್ತೇನೋ. ಆದರೆ ಪೈಪೋಟಿಯ ಫಸಲು ಎಲ್ಲರಿಗೂ ದಕ್ಕಿದ್ದು ಗೆದ್ದವರು ಬೇಲಿ ಹಾಕದ್ದರಿಂದ, ಸೋತವರು ಬಾಗಿಲು ಹಾಕಿಕೊಳ್ಳದ್ದರಿಂದ.