ಕಾಲುಹಾರ್ಮೋನಿಯಂ ದುರಸ್ತಿ

ಕಾಲುಹಾರ್ಮೋನಿಯಂ ದುರಸ್ತಿ ಎಂದರೆ ಪಾದಗಳಿಂದ ಗಾಳಿಯೂಡಿ ನುಡಿಸುವ ಹಾರ್ಮೋನಿಯಂನ ಸವೆದ ಭಾಗಗಳನ್ನು ಸರಿಪಡಿಸುವ ಅಥವಾ ಬದಲಿಸುವ ಕೆಲಸ. ಈ ವಾದ್ಯವನ್ನು ಲೆಗ್ ಹಾರ್ಮೋನಿಯಂ ಎಂದೂ ಕರೆಯುತ್ತಾರೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಆಡುವ ಪೌರಾಣಿಕ ನಾಟಕಗಳಿಗೆ ಇದು ಆಧಾರವಾದ್ಯ.

ಹಿನ್ನೆಲೆ

ಹಾರ್ಮೋನಿಯಂಗೆ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆನ್ 1842ರಲ್ಲಿ ಹಕ್ಕುಪತ್ರ ಪಡೆದನು. ಕರ್ನಾಟಕದಲ್ಲಿ ಇದು 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯಂತಹ ವೃತ್ತಿ ನಾಟಕ ಮಂಡಳಿಗಳ ಮೂಲಕ ಜನಪ್ರಿಯವಾಯಿತು. ಹಳ್ಳಿಯ ಹವ್ಯಾಸಿ ತಂಡಗಳಲ್ಲಿ ಹಾರ್ಮೋನಿಯಂ ಮೇಷ್ಟ್ರೇ ಹಾಡು ಕಲಿಸಿ, ನಾಟಕವನ್ನು ನಡೆಸುವುದು ವಾಡಿಕೆ. ರಾತ್ರಿಯಿಡೀ ನಡೆಯುವ ಕುರುಕ್ಷೇತ್ರದಂತಹ ನಾಟಕದ ನಡುವೆ ಗಾಳಿ ನಿಂತರೆ ನಟರು ಶ್ರುತಿಯನ್ನೇ ಕಳೆದುಕೊಳ್ಳುತ್ತಾರೆ.

ರಚನೆ

ಎರಡು ಪೆಡಲುಗಳನ್ನು ಸರದಿಯಂತೆ ತುಳಿದಾಗ ಒಳಗಿನ ತಿದಿ ಗಾಳಿಯನ್ನು ಸಂಗ್ರಹತಿದಿಗೆ ತಳ್ಳುತ್ತದೆ. ಮನೆಯನ್ನು ಒತ್ತಿದಾಗ ಅದರಡಿಯ ಮುಚ್ಚಳ ತೆರೆದು, ಹಿತ್ತಾಳೆಯ ರೀಡು ಕಂಪಿಸಿ ಸ್ವರ ಹೊರಡುತ್ತದೆ. ಎರಡೂ ಕೈಗಳು ನುಡಿಸಲು ಬಿಡುವಾಗಿರುವುದೇ ಇದರ ಅನುಕೂಲ.

ಸವೆತ ಮತ್ತು ಪರಿಹಾರ

ಪೆಡಲು: ಕೀಲಿನ ರಂಧ್ರ ಅಗಲವಾದರೆ ಪೆಡಲು ಓಲಾಡಿ ಸದ್ದು ಮಾಡುತ್ತದೆ. ರಂಧ್ರವನ್ನು ಮರದ ಬೆಣೆಯಿಂದ ಮುಚ್ಚಿ ಹೊಸದಾಗಿ ಕೊರೆಯಬೇಕು, ಇಲ್ಲವೆ ಹಿತ್ತಾಳೆಯ ಬುಷ್ ಕೂರಿಸಬೇಕು. ಒಡೆದ ಹಲಗೆಗೆ ಚೆನ್ನಾಗಿ ಒಣಗಿದ ತೇಗ ಸೂಕ್ತ. ಹುಣಸೂರು ಮರದ ವ್ಯಾಪಾರಕ್ಕೆ ಹೆಸರಾದ ಊರು.

ತಿದಿ: ಸಂಗ್ರಹತಿದಿಯನ್ನು ತುಂಬಿಸಿ, ಯಾವ ಮನೆಯನ್ನೂ ಒತ್ತದೆ ಬಿಟ್ಟಾಗ ಅದು ಬೇಗನೆ ಕುಸಿದರೆ ಸೋರಿಕೆಯಿದೆ ಎಂದರ್ಥ. ಊದುಬತ್ತಿಯ ಹೊಗೆ ಸೀಳಿಹೋಗುವ ಜಾಗವೇ ಸೋರುವ ಜಾಗ. ಚರ್ಮದ ಬಳಿ ಕಿಡಿ ತಾಗದಂತೆ ಎಚ್ಚರ ಅಗತ್ಯ. ತೆಳುವಾದ ಕುರಿಚರ್ಮದ ತೇಪೆಯ ಅಂಚನ್ನು ಹೆರೆದು ಮರವಜ್ರದಿಂದ ಅಂಟಿಸುತ್ತಾರೆ. ಮರವಜ್ರ ಬಿಸಿನೀರಿಗೆ ಬಿಡುವುದರಿಂದ ಮುಂದಿನ ದುರಸ್ತಿ ಸುಲಭ. ಕೃತಕ ಅಂಟು ಸುಲಭವಾಗಿ ಬಿಡುವುದಿಲ್ಲ.

ಮುಚ್ಚಳ ಮತ್ತು ಸ್ಪ್ರಿಂಗು: ಮುಚ್ಚಳದ ಚರ್ಮ ಗಟ್ಟಿಯಾದರೆ ಅಥವಾ ಸ್ಪ್ರಿಂಗು ಸೊರಗಿದರೆ ಒತ್ತದೆಯೇ ಸ್ವರ ಕೇಳಿಸುತ್ತದೆ. ಚರ್ಮವನ್ನು ಬದಲಿಸಿ, ಅದೇ ದಪ್ಪದ ತಂತಿಯ ಸ್ಪ್ರಿಂಗು ಹಾಕಬೇಕು.

ಮನೆ: ಮಳೆಗಾಲದಲ್ಲಿ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ. ಆಗ ಮರವನ್ನು ಉಜ್ಜಿ ತೆಗೆದರೆ ಬೇಸಿಗೆಯಲ್ಲಿ ಮನೆ ಸಡಿಲವಾಗುತ್ತದೆ. ಮೊದಲು ಒಣ ಕೋಣೆಯಲ್ಲಿ ಕೆಲವು ದಿನ ಇಟ್ಟು ನೋಡಬೇಕು. ಬಿಗಿ ಉಳಿದರೆ ಪೆನ್ಸಿಲಿನ ಸೀಸದ ಪುಡಿ ಸಾಕು. ಎಣ್ಣೆ ಹಾಕಿದರೆ ಧೂಳು ಕೂಡಿ ತೊಂದರೆ ಹೆಚ್ಚುತ್ತದೆ.

ರೀಡುಗಳ ವಿಷಯದಲ್ಲಿ ಎಚ್ಚರಿಕೆ

ಸ್ವರ ಕ್ಷೀಣವಾದೊಡನೆ ರೀಡನ್ನು ಅರದಿಂದ ಉಜ್ಜುವುದು ಸಾಮಾನ್ಯ ತಪ್ಪು. ಗಾಳಿಯ ಒತ್ತಡ ಕುಗ್ಗಿದರೂ ಸ್ವರ ಸೊರಗುತ್ತದೆ. ಆದುದರಿಂದ ತಿದಿ, ಮುಚ್ಚಳ, ಸ್ಪ್ರಿಂಗುಗಳನ್ನು ಪರೀಕ್ಷಿಸಿ, ರೀಡಿನ ಧೂಳನ್ನು ಮೃದು ಕುಂಚದಿಂದ ತೆಗೆದ ಮೇಲೆಯೇ ಶ್ರುತಿಯನ್ನು ಮುಟ್ಟಬೇಕು. ರೀಡಿನ ತುದಿಯಲ್ಲಿ ಲೋಹ ಕೆರೆದರೆ ಶ್ರುತಿ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಚರ್ಮ, ತಂತಿ, ಮರಗಳನ್ನು ಮತ್ತೆ ತರಬಹುದು. ಕೆರೆದ ಲೋಹ ಮರಳಿ ಬಾರದು.

ಇಂದಿನ ಸ್ಥಿತಿ

ಎಲೆಕ್ಟ್ರಾನಿಕ್ ಕೀಬೋರ್ಡಿನ ಬಳಕೆ ನಾಟಕಗಳಲ್ಲಿಯೂ ಹೆಚ್ಚಿದೆ. ಹಳೆಯ ಕಾಲುಹಾರ್ಮೋನಿಯಂ ಮೂಲೆಗೆ ಸೇರಲು ಅನೇಕ ವೇಳೆ ಕಾರಣ ಹರಿದ ಚರ್ಮ ಮಾತ್ರ. ರೀಡುಗಳು ಕೆಡದೆ ಉಳಿದಿದ್ದರೆ ಅಂತಹ ವಾದ್ಯವನ್ನು ಮತ್ತೆ ರಂಗಕ್ಕೆ ತರಬಹುದು.