ಒಂದು ಗಳಿಗೆ ಹಿಂದಿನ ಸೂರ್ಯ

ದಾವಣಗೆರೆಯ ಆನೆಕೊಂಡದ ಕಡೆ ಯಾರ ಮನೆಗೆ ಹೋದರೂ ‘ಒಂದ್ ಗಳಿಗಿ ಕುಂದ್ರಿ’ ಅನ್ನುತ್ತಾರೆ. ಚಹಾ ಕುದಿಯುವಷ್ಟು ಹೊತ್ತು ಅಂತ ಅದರ ಅರ್ಥ. ಆದರೆ ಗಳಿಗೆಗೆ ಕರಾರುವಾಕ್ಕಾದ ಅಳತೆಯೂ ಉಂಟು: 24 ನಿಮಿಷ.

ಮೂಲ ಸಂಸ್ಕೃತದ ಘಟಿಕಾ, ಅಂದರೆ ಪುಟ್ಟ ಕೊಡ. ಕನ್ನಡದ ನಾಲಗೆ ಮಹಾಪ್ರಾಣವನ್ನು ಇಳಿಸಿತು, ಟಕಾರವನ್ನು ಳಕಾರ ಮಾಡಿತು. ಸ್ಫಟಿಕ ‘ಪಳಿಕು’ ಆಯಿತಲ್ಲ, ಹಾಗೆ. ಅದೇ ಪದ ಇನ್ನೊಂದು ದಾರಿ ಹಿಡಿದು ‘ಗಡಿಗೆ’ಯಾಗಿ ಅಡುಗೆಮನೆ ಸೇರಿತು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಹೊತ್ತು. ಎರಡನ್ನೂ ಬೆಸೆದದ್ದು ಗಳಿಗೆಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಗಳಿಗೆ. ಹಗಲು ರಾತ್ರಿ ಸೇರಿ 60 ಸಲ ಮುಳುಗಬೇಕು ಎನ್ನುತ್ತದೆ ಸೂರ್ಯಸಿದ್ಧಾಂತ. ದಾವಣಗೆರೆ ಪೇಟೆಯ ಗಡಿಯಾರ ಕಂಬದ ‘ಗಡಿಯಾರ’ವೂ ಇದೇ ಬಳ್ಳಿಯ ಕಾಯಿ.

ಮಯೂರಶರ್ಮ ಓದಲು ಹೋದ ಕಂಚಿಯ ವಿದ್ಯಾಸ್ಥಾನವನ್ನು ತಾಳಗುಂದದ ಶಾಸನ ‘ಘಟಿಕಾ’ ಎಂದೇ ಕರೆಯುತ್ತದೆ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾನಿಲಯ ಪದವಿ ಕೊಡುವ ದಿನ ಘಟಿಕೋತ್ಸವವಾದದ್ದು ಹೀಗೆ.

ನನಗೆ ಹೆಚ್ಚು ಪ್ರೀತಿ ಗಳಿಗೆಯ ಆಕಾಶದ ಮುಖದ ಮೇಲೆ. ಭೂಮಿ ದಿನಕ್ಕೆ 360 ಡಿಗ್ರಿ ತಿರುಗುತ್ತದೆ. 60 ಗಳಿಗೆಗೆ ಹಂಚಿದರೆ ಗಳಿಗೆಗೆ 6 ಡಿಗ್ರಿ. ಕೈ ನೀಡಿ ಮೂರು ಬೆರಳು ಅಡ್ಡ ಹಿಡಿಯಿರಿ: ನೆತ್ತಿಯ ಆಸುಪಾಸಿನ ನಕ್ಷತ್ರ ಅದಕ್ಕಿಂತ ತುಸು ಹೆಚ್ಚು ದೂರ ಪಡುವಣಕ್ಕೆ ಜಾರಿದರೆ ಒಂದು ಗಳಿಗೆ ಕಳೆಯಿತು. ಗಳಿಗೆಗೆ 60 ವಿಗಳಿಗೆ, ವಿಗಳಿಗೆಗೆ 6 ಪ್ರಾಣ. ಪ್ರಾಣವೆಂದರೆ ಒಂದು ಉಸಿರು, 4 ಸೆಕೆಂಡು. ಒಂದು ಪ್ರಾಣದಲ್ಲಿ ಭೂಮಿ ಒಂದು ಕಲೆ, ಅಂದರೆ ಡಿಗ್ರಿಯ 60ನೇ ಒಂದು ಪಾಲು, ತಿರುಗುತ್ತದೆ ಎಂದು ಆರ್ಯಭಟ 499ರಲ್ಲೇ ಬರೆದಿಟ್ಟ. ಉಸಿರಿಗೂ ಭೂಮಿಗೂ ಒಂದೇ ಅಳತೆಗೋಲು! ಮಕ್ಕಳಿಗೆ ಖಗೋಳದ ಮೊದಲ ಪಾಠ ಇಲ್ಲಿಂದಲೇ ಶುರುವಾಗಬೇಕು.

ಪಂಚಾಂಗದಲ್ಲಿ ತಿಥಿಯ ಪಕ್ಕ ಈಗಲೂ ಗಳಿಗೆ ವಿಗಳಿಗೆ ಅಚ್ಚಾಗುತ್ತವೆ. ಅವುಗಳ ಎಣಿಕೆ ಸೂರ್ಯೋದಯದಿಂದ, ಅಂದರೆ ಆಯಾ ಊರಿನ ಸೂರ್ಯನಿಂದ. ಕೈಗಡಿಯಾರದ್ದು ಹಾಗಲ್ಲ. ಅದು ದೇಶಕ್ಕೆಲ್ಲ ಒಂದೇ, 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತು. ದಾವಣಗೆರೆ ಇರುವುದು ಸುಮಾರು 75.9 ಡಿಗ್ರಿಯಲ್ಲಿ. ನಡುವೆ ಆರೂವರೆ ಡಿಗ್ರಿ. ಹಾಗಾಗಿ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ ಸರಾಸರಿ ಒಂದು ಗಳಿಗೆ ಮತ್ತು ಚೂರು ಹಿಂದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಏಪ್ರಿಲ್ 29ರ ಸುಮಾರಿಗೆ ಆನೆಕೊಂಡದ ಹಳೆಯ ಈಶ್ವರ ಗುಡಿಯ ಹತ್ತಿರ ಬಯಲಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ಸೂರ್ಯ ಸರಿಯಾಗಿ ನೆತ್ತಿಗೆ ಬರುವ ದಿನ ಅದು. ನೆರಳು ಕುಗ್ಗುತ್ತ ಕುಗ್ಗುತ್ತ ಕೋಲಿನ ಬುಡದಲ್ಲೇ ಅಡಗಿದಾಗ ಗಡಿಯಾರ ನೋಡಿ: 12 ದಾಟಿ 24 ನಿಮಿಷದ ಆಸುಪಾಸು.